ಎಲ್ಲರಿಗೂ ಕೂಲಿ, ಬ್ಯಾಂಡಿಗೆ ಚಪ್ಪಾಳೆ

ನಿನ್ನೆ ರಾತ್ರಿ ಒಂದು ಸಣ್ಣ ಕ್ಲಬ್ಬಿಗೆ ಶೋ ನೋಡಲು ಹೋಗಿದ್ದೆ. ಶೋ ಭರ್ಜರಿಯಾಗಿತ್ತು. ಹೊಟ್ಟೆ ಉರಿದದ್ದು ಮುಗಿದ ಮೇಲೆ. ಹಾಡಿದ ಹುಡುಗ ಬೆವರು ಕೂಡ ಒರೆಸಿಕೊಳ್ಳದೆ ಮ್ಯಾನೇಜರ್ ಟೇಬಲ್ ಮುಂದೆ ಕೈಕಟ್ಟಿ ನಿಂತಿದ್ದ. ಆಸಾಮಿ ಕ್ಯಾಲ್ಕುಲೇಟರ್ ಒತ್ತುತ್ತಾ ಸೌಂಡಿಗೆ ಇಷ್ಟು, ಬಾಗಿಲಲ್ಲಿ ನಿಂತವನಿಗೆ ಇಷ್ಟು, ಪೋಸ್ಟರಿಗೆ ಇಷ್ಟು ಅಂತ ಕಳೆಯುತ್ತಲೇ ಹೋದ. ಉಳಿದದ್ದರಲ್ಲಿ ಡ್ರಮ್ ಸೆಟ್ ಸಾಗಿಸಿದ ಗಾಡಿ ಬಾಡಿಗೆಯೂ ಹುಟ್ಟುವ ಹಾಗಿರಲಿಲ್ಲ. "ಜನ ಕಮ್ಮಿ ಬಂದ್ರಲ್ಲ, ಏನ್ ಮಾಡೋದು?" ಅಂದ.

ನಾನು ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಕಾಲದ ಪುರಾಣ ನಿಮಗೆಲ್ಲ ಬಾಯಿಪಾಠ, ಬಿಡಿ. ನನ್ನದು ಒಂದೇ ಪ್ರಶ್ನೆ. ಜನ ಕಮ್ಮಿ ಬಂದರೆ ಬಾರ್ ಹುಡುಗನ ಕೂಲಿ ಕತ್ತರಿಸ್ತೀರಾ? ಕರೆಂಟ್ ಬಿಲ್ಲಿನವರು ಬಿಡ್ತಾರಾ? ಎಲ್ಲರದೂ ಖಾತ್ರಿ, ಬ್ಯಾಂಡಿನದು ಮಾತ್ರ "ಉಳಿದರೆ ನೋಡೋಣ". ಬಂದವರು ಬಂದದ್ದೇ ಬ್ಯಾಂಡ್ ಕೇಳೋಕೆ ಸ್ವಾಮಿ!

ಇದೇನು ಹೊಸ ರೋಗವಲ್ಲ. 1980ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಸನ್‌ಸೆಟ್ ಸ್ಟ್ರಿಪ್ ಕ್ಲಬ್ಬುಗಳಲ್ಲಿ ಬ್ಯಾಂಡಿನವರೇ ಮೊದಲು ದುಡ್ಡು ಕೊಟ್ಟು ಟಿಕೆಟ್ ಕಟ್ಟು ತೆಗೆದುಕೊಂಡು, ಬೀದಿಯಲ್ಲಿ ಮಾರಿ, ಆಮೇಲೆ ವೇದಿಕೆ ಹತ್ತಬೇಕಿತ್ತು. 'ಪೇ ಟು ಪ್ಲೇ' ಅಂತ ಅದಕ್ಕೆ ಹೆಸರೂ ಬಿತ್ತು. ಈಗ ಅಷ್ಟು ಬಹಿರಂಗವಾಗಿ ಹೇಳಲ್ಲ. "ಎಷ್ಟು ಜನ ಕರ್ಕೊಂಡು ಬರ್ತೀರಾ?" ಅಂತ ಕೇಳ್ತಾರೆ, ಅಷ್ಟೇ. ಪ್ರಚಾರವೂ ನಮ್ಮದೇ, ಆಂಪ್ಲಿಫೈಯರ್ ಹೊರುವುದೂ ನಾವೇ. ಕೆಲವು ಕಡೆಯಂತೂ ಬ್ಯಾಂಡ್ ತಾನೇ ಮುದ್ರಿಸಿ ತಂದ ಟಿ-ಶರ್ಟ್ ಮಾರಿದರೂ ಕ್ಲಬ್ಬಿಗೆ ಪಾಲು ಕೊಡಬೇಕು. 2023ರಲ್ಲಿ ಸಂಗೀತ ಶೋ ನಡೆಸುವ ಲೈವ್ ನೇಷನ್‌ನಂಥ ದೈತ್ಯ ಕಂಪನಿಯೇ ತನ್ನ ಹಲವು ಕ್ಲಬ್ಬುಗಳಲ್ಲಿ ಆ ಪಾಲು ಬೇಡ ಅಂದಿತು. ಸಣ್ಣವರಿಗೆ ಇನ್ನೂ ಅದರ ರುಚಿ ಹೋಗಿಲ್ಲ.

ಕ್ಲಬ್ಬಿನವರಿಗೂ ಕಷ್ಟ ಇದೆಯಲ್ಲ ಅಂತೀರಿ. ಇದೆ. ಬ್ರಿಟನ್ನಿನ ಮ್ಯೂಸಿಕ್ ವೆನ್ಯೂ ಟ್ರಸ್ಟ್‌ನ 2023ರ ವರದಿ ಪ್ರಕಾರ ಅಲ್ಲಿನ ಸಣ್ಣ ವೇದಿಕೆಗಳ ಸರಾಸರಿ ಲಾಭ ಶೇ. 0.5 ಮಾತ್ರ. ಒಪ್ಪಿದೆ. ಆದರೆ ಬಾರ್ ತುಂಬಿ ತುಳುಕಿದ ರಾತ್ರಿ ಯಾರಾದರೂ ಬ್ಯಾಂಡನ್ನು ಕರೆದು ಗಲ್ಲಾಪೆಟ್ಟಿಗೆಯಲ್ಲಿ ಪಾಲು ಕೊಟ್ಟಿದ್ದಾರಾ? ನಷ್ಟದ ದಿನ ನಾವು ಪಾಲುದಾರರು, ಲಾಭದ ದಿನ ಅತಿಥಿಗಳು!

ನ್ಯೂಯಾರ್ಕಿನಲ್ಲಿ 1973ರಲ್ಲಿ ಸಿಬಿಜಿಬಿ ಅನ್ನೋ ರಾಕ್ ಕ್ಲಬ್ ತೆರೆದ ಹಿಲ್ಲಿ ಕ್ರಿಸ್ಟಲ್ ಲೆಕ್ಕ ನೇರವಾಗಿತ್ತು: ಬಾಗಿಲಲ್ಲಿ ಬಂದ ಟಿಕೆಟ್ ದುಡ್ಡು ಬ್ಯಾಂಡಿಗೆ, ಬಾರಿನ ದುಡ್ಡು ತನಗೆ. ಆ ಜಾಗದ ಶೌಚಾಲಯ ಮಾತ್ರ ಲೋಕಕುಖ್ಯಾತವಾಗಿತ್ತು. ನಮ್ಮವರು ಅದೊಂದನ್ನು ಚೆನ್ನಾಗಿ ಕಲಿತಿದ್ದಾರೆ.

ನಿಜ ಹೇಳಲಾ? ನಿನ್ನೆ ಆ ಬ್ಯಾಂಡಿನಲ್ಲಿ ಬಾಸ್ ನುಡಿಸಿದ ಹುಡುಗನ ಮೇಲೆ ನನಗೆ ಹೊಟ್ಟೆಕಿಚ್ಚೂ ಆಯ್ತು. ನನಗಿಂತ ಎಷ್ಟೋ ಚೆನ್ನಾಗಿ ನುಡಿಸ್ತಾನೆ. ಹೀಗೇ ನಡೆದರೆ ಅವನೂ ನನ್ನ ಹಾಗೆ ಆಫೀಸ್ ಕುರ್ಚಿ ಹಿಡೀತಾನೆ.

ಕೇಳುತ್ತಿರುವುದು ಇಷ್ಟೇ: ಶೋಗೆ ಮುಂಚೆ ಒಂದು ಮೊತ್ತ ಬರೆದು ಕೊಡಿ. ಹತ್ತು ಜನ ಬರಲಿ, ನೂರು ಜನ ಬರಲಿ, ಅದು ಬ್ಯಾಂಡಿನ ಕೂಲಿ. ಅದರ ಮೇಲೆ ಬಂದದ್ದನ್ನು ಹಂಚಿಕೊಳ್ಳಿ. ಸೌಂಡ್ ಚೆಕ್‌ಗೆ ಹೇಳಿದ ಹೊತ್ತಿಗೆ ಬೀಗ ತೆಗೆದರೆ ಇನ್ನೂ ಉಪಕಾರ.

ಇನ್ನು "ಕಲೆಗೆ ಬೆಲೆ ಕಟ್ಟಬಾರದು" ಅಂತ ಕಾಮೆಂಟ್ ಹಾಕಲು ಬರುವವರು ದಯವಿಟ್ಟು ಈ ತಿಂಗಳ ಸಂಬಳದ ಚೀಟಿಯನ್ನೂ ಜೊತೆಗೆ ಲಗತ್ತಿಸಿ.