ಹಾಡು ಸಾಕು, ಮೈಕು ಕೇಳಿಸಿ ಸ್ವಾಮಿ

ನಮ್ಮ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಮೊಬೈಲ್ ಅಂಗಡಿಯೊಂದರಿಂದ ಈಗಷ್ಟೇ ಮನೆಗೆ ಬಂದೆ. ಮೈ ಉರಿಯುತ್ತಿದೆ. ಇದನ್ನು ಬರೆದು ಮುಗಿಸದೆ ಊಟ ಸೇರುವುದಿಲ್ಲ.

ನಾನು ಹೋಗಿದ್ದು ಒಂದು ಚಾರ್ಜಿಂಗ್ ಕೇಬಲ್ಲಿಗೆ. ಪಕ್ಕದಲ್ಲಿ ಆಲ್ದೂರು ಕಡೆಯ ಒಬ್ಬರು, ಜೊತೆಗೆ ಮಗಳು. ಹುಡುಗಿಗೆ ಹೊಸದಾಗಿ ಕೆಲಸ ಸಿಕ್ಕಿದೆ. ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ದಿನವಿಡೀ ಕಸ್ಟಮರುಗಳ ಜೊತೆ ಮಾತಾಡುವ ಕೆಲಸ. ಅದಕ್ಕೆ ಹೆಡ್‌ಸೆಟ್ ಬೇಕು. ಅಂಗಡಿ ಹುಡುಗ ಡೆಮೊ ಪೀಸ್ ತೆಗೆದು ಅವಳ ಕೈಗೆ ಕೊಟ್ಟು, ತನ್ನ ಫೋನಿನಿಂದ ಢಂ ಢಂ ಅನ್ನುವ ಹಾಡೊಂದನ್ನು ಬಿಟ್ಟ. "ಬೇಸ್ ನೋಡಿ ಮೇಡಂ, ಹೆಂಗಿದೆ! ಬ್ಲೂಟೂತ್ ಐದು ಪಾಯಿಂಟ್ ಮೂರು, ಲೇಟೆಸ್ಟು." ಅಪ್ಪ ಪಾಪ ಸರಿಯಾದ ಪ್ರಶ್ನೆಯನ್ನೇ ಕೇಳಿದರು: "ಇವಳು ಮಾತಾಡಿದ್ದು ಆ ಕಡೆಯವರಿಗೆ ಸರಿಯಾಗಿ ಕೇಳುತ್ತೇನಪ್ಪಾ? ನಮ್ಮದು ಶೀಟಿನ ಮನೆ, ಮಳೆ ಬಂದರೆ ಭಾರಿ ಸದ್ದು." ಹುಡುಗ ಒಂದು ಕ್ಷಣವೂ ಯೋಚಿಸಲಿಲ್ಲ. "ನಾಯ್ಸ್ ಕ್ಯಾನ್ಸಲೇಶನ್ ಇದೆ ಸಾರ್!" ಅವರು ಪರ್ಸ್ ತೆಗೆದರು.

ನಾನು ಬಾಯಿ ಹಾಕಿದೆ. ಹಾಕದೆ ಇರುವ ಜಾಯಮಾನ ನನ್ನದಲ್ಲ, ನಿಮಗೆ ಗೊತ್ತಿರುವುದೇ. "ತಮ್ಮಾ, ಅದೇ ಡೆಮೊ ಪೀಸಿನ ಮೈಕಿನಲ್ಲಿ ಅವಳ ಎರಡು ಮಾತು ರೆಕಾರ್ಡ್ ಮಾಡಿ ಕೇಳಿಸು" ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗೆಲ್ಲ ಯಾರೂ ಕೇಳಲ್ಲ ಅಕ್ಕಾ" ಅಂದ.

ಇದೇ ನನ್ನ ಸಂಕಟ. ಯಾರೂ ಕೇಳಲ್ಲ! ಮಾತಾಡುವುದಕ್ಕೆಂದೇ ಕೊಳ್ಳುವ ಸಾಮಾನು, ಅದರಲ್ಲಿ ಮಾತು ಹೇಗೆ ಹೋಗುತ್ತದೆ ಅಂತ ಒಬ್ಬರೂ ಪರೀಕ್ಷೆ ಮಾಡುವುದಿಲ್ಲ. ಬಣ್ಣ ನೋಡುತ್ತಾರೆ, ಬೇಸ್ ನೋಡುತ್ತಾರೆ, ಬ್ಯಾಟರಿ ಎಷ್ಟು ಗಂಟೆ ಅಂತ ಕೇಳುತ್ತಾರೆ. ಮೈಕು ಅನಾಥ.

ಅಂಗಡಿಯಲ್ಲಿ ಕೇಳಿದ ಆ ಚಂದದ ಹಾಡು ಮೀಟಿಂಗಿನಲ್ಲಿ ಇರುವುದಿಲ್ಲ ಅಂತ ಯಾರೂ ಹೇಳುವುದೂ ಇಲ್ಲ. ಹಾಡು ಬರುವ ದಾರಿಯೇ ಬೇರೆ, ಎ2ಡಿಪಿ ಅಂತ. ಸ್ಟೀರಿಯೊ, ಒಳ್ಳೆ ಗುಣಮಟ್ಟ, ಆದರೆ ಲ್ಯಾಪ್‌ಟಾಪಿನಿಂದ ಕಿವಿಗೆ ಮಾತ್ರ. ಹೆಡ್‌ಸೆಟ್ಟಿನ ಮೈಕು ಆನ್ ಆಯಿತೋ, ಲ್ಯಾಪ್‌ಟಾಪು ಹ್ಯಾಂಡ್ಸ್-ಫ್ರೀ ಅನ್ನುವ ಇನ್ನೊಂದು ದಾರಿಗೆ ಹೊರಳುತ್ತದೆ. ಅದು ಫೋನಿನ ಮಾತುಕತೆಗೆಂದು ಮಾಡಿದ್ದು. ಹಳೇ ಪದ್ಧತಿಯಲ್ಲಿ ಧ್ವನಿಯ ಅಳತೆ, ಅಂದರೆ ಸ್ಯಾಂಪಲ್, ಸೆಕೆಂಡಿಗೆ 8,000, ಸ್ವಲ್ಪ ಸುಧಾರಿಸಿದ್ದರಲ್ಲಿ 16,000. ಸಿ.ಡಿ.ಯಲ್ಲಿ 44,100 ಇರುತ್ತದೆ ಅಂದರೆ ಲೆಕ್ಕ ಹಾಕಿಕೊಳ್ಳಿ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎದುರಿಗೆ ಲಾರಿ ಬಂದ ಹಾಗೆ: ಒಂದೇ ಕಡೆ ಹೋಗುವಾಗ ರಸ್ತೆಯೆಲ್ಲ ನಿಮ್ಮದೇ, ಎರಡೂ ಕಡೆಯಿಂದ ಬಂದರೆ ಇಬ್ಬರೂ ಮುದುರಿಕೊಳ್ಳಬೇಕು. "ನಿನ್ನೆ ತಂದಿದ್ದು, ಝೂಮ್ ತೆಗೆದ ತಕ್ಷಣ ಬಾವಿಯೊಳಗಿಂದ ಮಾತಾಡಿದ ಹಾಗಿದೆ, ಪೀಸ್ ಕೆಟ್ಟಿದೆ" ಅಂತ ವಾಪಸ್ ಕೊಡಲು ಓಡುವವರಿದ್ದಾರೆ. ಪೀಸ್ ಕೆಟ್ಟಿಲ್ಲ ಮಾರಾಯ್ರೇ, ಅದು ಇರುವುದೇ ಹಾಗೆ.

ಅದಕ್ಕೊಂದು ಉಪಾಯವಿದೆ. ಮೀಟಿಂಗಿನ ಆಡಿಯೊ ಸೆಟ್ಟಿಂಗ್ಸಿನಲ್ಲಿ ಸ್ಪೀಕರಿಗೆ ಹೆಡ್‌ಸೆಟ್, ಮೈಕಿಗೆ ಲ್ಯಾಪ್‌ಟಾಪಿನದೇ ಮೈಕು ಅಂತ ಆರಿಸಿ. ಹೆಡ್‌ಸೆಟ್ಟು ಹಾಡಿನ ದಾರಿಯಲ್ಲೇ ಉಳಿಯುತ್ತದೆ, ಆ ಕಡೆಯವರ ಧ್ವನಿ ಸ್ವಚ್ಛವಾಗಿ ಕೇಳುತ್ತದೆ. ಕೋಣೆ ನಿಶ್ಶಬ್ದವಾಗಿದ್ದರೆ ಇದಕ್ಕಿಂತ ಸುಖವಿಲ್ಲ. ಆದರೆ ನಮ್ಮೂರಲ್ಲಿ ನಿಶ್ಶಬ್ದ ಎಲ್ಲಿಂದ ಬರಬೇಕು? ಪುಷ್ಯ ಮಳೆ ಶೀಟಿನ ಮೇಲೆ ಹೊಡೆಯುವಾಗ ಲ್ಯಾಪ್‌ಟಾಪಿನ ಮೈಕು ಮಳೆಯನ್ನೂ ಕುಕ್ಕರಿನ ಸೀಟಿಯನ್ನೂ ನಿಷ್ಠೆಯಿಂದ ಬೆಂಗಳೂರಿಗೆ ಕಳಿಸುತ್ತದೆ.

ಈಗ ಆ ನಾಯ್ಸ್ ಕ್ಯಾನ್ಸಲೇಶನ್ನಿನ ಪುರಾಣಕ್ಕೆ ಬರೋಣ. ಡಬ್ಬದ ಮೇಲೆ ಎ.ಎನ್.ಸಿ. ಅಂತ ದಪ್ಪಕ್ಷರದಲ್ಲಿ ಇರುತ್ತದಲ್ಲ, ಅದು ನಿಮ್ಮ ಕಿವಿಗೆ. ಹೊರಗಿನ ಸದ್ದನ್ನು ಅಳೆದು, ಅದಕ್ಕೆ ಉಲ್ಟಾ ಅಲೆಯನ್ನು ಕಿವಿಯೊಳಗೆ ಬಿಟ್ಟು ಅಡಗಿಸುವ ಕೆಲಸ. ನಿಮಗೆ ಮಳೆ ಕಡಿಮೆ ಕೇಳಿಸುತ್ತದೆ. ಆ ಕಡೆ ಕೂತ ಮ್ಯಾನೇಜರಿಗೆ ಪೂರ್ತಿ ಕೇಳಿಸುತ್ತದೆ! ಮೈಕಿನ ಸದ್ದು ತಗ್ಗಿಸುವುದಕ್ಕೆ ಇ.ಎನ್.ಸಿ. ಅಂತ ಬೇರೆ ಬರೆದಿರುತ್ತಾರೆ. ಅದೂ ಕೆಲವದರಲ್ಲಿ ಬರೀ ಹೆಸರಿಗೆ. ಮಳೆಯ ಜೊತೆಗೆ ನಿಮ್ಮ ಅರ್ಧ ಮಾತನ್ನೂ ನುಂಗಿಬಿಡುತ್ತದೆ. ನಿಜಕ್ಕೂ ಕೆಲಸಕ್ಕೆ ಬರುವುದು ಬಾಯಿಯ ಹತ್ತಿರಕ್ಕೆ ಕಡ್ಡಿ ಚಾಚಿಕೊಂಡಿರುವ ಮೈಕು. ಕಾಲ್‌ಸೆಂಟರಿನವರ ಹಾಗೆ ಕಾಣುತ್ತೀರಿ, ಹೌದು. ಕಾಣಿ, ಏನೀಗ? ಕಿವಿಯಲ್ಲಿ ಅವರೆಕಾಳಿನಷ್ಟು ಬಡ್ಸ್ ಸಿಕ್ಕಿಸಿಕೊಂಡು "ಹಲೋ, ಕೇಳಿಸ್ತಿದೆಯಾ, ಈಗ ಕೇಳಿಸ್ತಿದೆಯಾ" ಅಂತ ಹೊಡೆದುಕೊಳ್ಳುವುದಕ್ಕಿಂತ ವಾಸಿ.

ಆ "ಐದು ಪಾಯಿಂಟ್ ಮೂರು" ಇದೆಯಲ್ಲ, ಅದು ಬ್ಲೂಟೂತ್ ಆವೃತ್ತಿಯ ನಂಬರು, ಅದಕ್ಕೂ ಮೈಕಿನ ಗುಣಕ್ಕೂ ಸಂಬಂಧವಿಲ್ಲ. ಅದಕ್ಕೂ ಹಿಂದಿನ 5.2ರ ಹೊತ್ತಿಗೆ ಎಲ್.ಇ. ಆಡಿಯೊ ಅನ್ನುವ ಹೊಸ ವ್ಯವಸ್ಥೆಗೆ ದಾರಿಯಾಯಿತು. ಮಾತೂ ಹಾಡೂ ಒಟ್ಟಿಗೆ ಚೆನ್ನಾಗಿ ಬರಲಿ ಅಂತಲೇ ಎಲ್‌ಸಿ3 ಅನ್ನುವ ಹೊಸ ಕೋಡೆಕ್, ಅಂದರೆ ಧ್ವನಿಯನ್ನು ಕುಗ್ಗಿಸಿ ಕಳಿಸುವ ವಿಧಾನ, ತಂದರು. ಆದರೆ ಅದು ಕಡ್ಡಾಯವಲ್ಲ. ಡಬ್ಬದ ಮೇಲೆ 5.3 ಇದ್ದು ಒಳಗೆ ಅದು ಇಲ್ಲದೆಯೂ ಇರಬಹುದು, ಜೊತೆಗೆ ಲ್ಯಾಪ್‌ಟಾಪಿಗೂ ಅದು ಬರಬೇಕು. ಅಂಗಡಿಯಲ್ಲಿ "ಎಲ್.ಇ. ಆಡಿಯೊ ಇದೆಯಾ" ಅಂತ ಕೇಳಿ ನೋಡಿ. ಮತ್ತೆ ಬೇಸ್ ಕೇಳಿಸುತ್ತಾರೆ.

ಲ್ಯಾಪ್‌ಟಾಪಿಗೆ ಜೋಡಿಸುವುದು ಇದರ ಮುಂದೆ ಏನೇನೂ ಅಲ್ಲ. ಆದರೂ "ಕನೆಕ್ಟ್ ಆಗ್ತಿಲ್ಲ ಕಣೇ" ಅಂತ ರಾತ್ರಿ ಫೋನ್ ಮಾಡುವವರು ಇದನ್ನು ಓದುತ್ತಿದ್ದೀರಿ, ಹೆಸರು ಹೇಳುವುದಿಲ್ಲ. ಹೆಡ್‌ಸೆಟ್ ಆನ್ ಆದ ಕೂಡಲೇ ಹಳೇ ಪರಿಚಯದ ಫೋನಿಗೆ ಹೋಗಿ ಅಂಟಿಕೊಂಡಿರುತ್ತದೆ. ಮೊದಲು ಫೋನಿನ ಬ್ಲೂಟೂತ್ ಆಫ್ ಮಾಡಿ. ಹೆಡ್‌ಸೆಟ್ಟಿನ ಬಟನ್ನು ದೀಪ ಪಟಪಟ ಮಿಣುಕುವ ತನಕ ಒತ್ತಿ ಹಿಡಿಯಿರಿ. ಆಮೇಲೆ ವಿಂಡೋಸ್ ಸೆಟ್ಟಿಂಗ್ಸಿಗೆ ಹೋಗಿ ಆ್ಯಡ್ ಡಿವೈಸ್. ಬ್ಲೂಟೂತ್ ಸ್ವಿಚ್ಚೇ ಕಾಣೆಯಾಗಿದ್ದರೆ ರೀಸ್ಟಾರ್ಟ್ ಮಾಡಿ, ಶಟ್‌ಡೌನ್ ಅಲ್ಲ. ಆಗಲೂ ಬರದಿದ್ದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಡ್ರೈವರ್, ಅಂದರೆ ಬ್ಲೂಟೂತನ್ನು ನಡೆಸುವ ತಂತ್ರಾಂಶ, ಹಾಕಿ. ಧ್ವನಿ ತುಂಡುತುಂಡಾಗುತ್ತಿದ್ದರೆ ವೈಫೈಯನ್ನು 5 ಗಿಗಾಹರ್ಟ್ಸಿಗೆ ಬದಲಿಸಿ, ಯಾಕಂದರೆ ಬ್ಲೂಟೂತು ಓಡಾಡುವುದು 2.4ರಲ್ಲೇ. ಯು.ಎಸ್.ಬಿ. 3 ಹಾರ್ಡ್‌ಡಿಸ್ಕ್ ಪಕ್ಕದಲ್ಲೇ ಇದ್ದರೆ ಅದನ್ನೂ ಕಿತ್ತು ನೋಡಿ, ಅದರ ಗದ್ದಲವೂ ಅದೇ ಜಾಗಕ್ಕೆ ಬರುತ್ತದೆ.

"ಅಂಗಡಿಯವನು ಏನು ಮಾಡುತ್ತಾನೆ, ಸೀಲ್ ಒಡೆದರೆ ಅವನಿಗೆ ನಷ್ಟ ಅಲ್ವಾ?" ಅಂತ ನನ್ನ ತಮ್ಮ ಆಗಲೇ ವಾದಕ್ಕೆ ನಿಂತಿದ್ದಾನೆ. ಸರಿಯಪ್ಪ, ಬಡಪಾಯಿ. ಆದರೆ ಹಾಡು ಕೇಳಿಸಿದ್ದು ಯಾವುದರಲ್ಲಿ? ಸೀಲ್ ಒಡೆದ ಡೆಮೊ ಪೀಸಿನಲ್ಲಿ. ಅದಕ್ಕೆ ಮೈಕೂ ಇತ್ತು, ಕೈಯಲ್ಲಿ ಫೋನೂ ಇತ್ತು. ತನ್ನ ನಂಬರಿನಿಂದ ಅವಳಿಗೊಂದು ಕಾಲ್ ಮಾಡಿ, ಆ ಹೆಡ್‌ಸೆಟ್ಟಿನಲ್ಲಿ ತಾನೇ ರಸ್ತೆಗೆ ಹೋಗಿ ನಿಂತು ಮಾತಾಡಿದ್ದರೆ ಮುಗಿದಿತ್ತು. ನಷ್ಟ ಎಲ್ಲಿಂದ ಬಂತು? ಆನ್‌ಲೈನಿನಲ್ಲಿ ತಗೊಳ್ಳಿ ಅನ್ನುವವರಿಗೆ: ಅಲ್ಲಿರುವ ರಿವ್ಯೂಗಳಲ್ಲೂ ಮುಕ್ಕಾಲು ಪಾಲು ಬೇಸೇ.

ಇನ್ನೊಂದು ಗುಟ್ಟು ಹೇಳಿಬಿಡುತ್ತೇನೆ, ನಗಬೇಡಿ. ಬ್ಲೂಟೂತಿನ ಬಗ್ಗೆ ಇಷ್ಟು ಪಾಠ ಮಾಡಿದ ನಾನು ಸಂಬಳ ಹೆಚ್ಚಿಸಿ ಅಂತ ಕೇಳುವ ಕಾಲ್‌ಗಳನ್ನೆಲ್ಲ ತಂತಿಯ ಹೆಡ್‌ಸೆಟ್ಟಿನಲ್ಲೇ ಮಾಡುವುದು. ಸ್ಪಂಜು ಹರಿದಿದೆ, ಕಡ್ಡಿಗೆ ಟೇಪು ಸುತ್ತಿದ್ದೇನೆ. ಚಾರ್ಜ್ ಬೇಡ, ಪೇರಿಂಗ್ ಬೇಡ, ಮಾತು ಮಾತಿನ ಹಾಗೇ ಹೋಗುತ್ತದೆ. ತಂತಿ ಕುರ್ಚಿಯ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ ಅನ್ನುವುದೊಂದೇ ಕಿರಿಕಿರಿ. ಓಡಾಡುತ್ತಾ ಮಾತಾಡಬೇಕಾದವರಿಗೆ ಅದು ಆಗುವುದಿಲ್ಲ, ಒಪ್ಪುತ್ತೇನೆ. ಅಂಥವರು ಕಡ್ಡಿ ಮೈಕಿರುವ, ಯು.ಎಸ್.ಬಿ.ಗೆ ಸಿಕ್ಕಿಸುವ ತನ್ನದೇ ಪುಟ್ಟ ಡಾಂಗಲ್ ಜೊತೆಗೆ ಬರುವ ವೈರ್‌ಲೆಸ್ ಹೆಡ್‌ಸೆಟ್ ನೋಡಿ. ಬೆಲೆ ಜಾಸ್ತಿ, ಲ್ಯಾಪ್‌ಟಾಪಿನ ಡ್ರೈವರ್ ಜೊತೆ ಗುದ್ದಾಡುವುದು ಕಮ್ಮಿ.

ಯಾವ ಕಂಪನಿಯದು ತಗೊಳ್ಳಲಿ ಅಂತ ಇನ್‌ಬಾಕ್ಸಿಗೆ ಬರಬೇಡಿ, ಹೇಳುವುದಿಲ್ಲ. ಅದರ ಬದಲು ಹಾಸನದ ಗೆಳೆಯರು ಒಂದು ಉಪಕಾರ ಮಾಡಿ. ನಿಮ್ಮ ಬಿ.ಎಂ. ರೋಡಿನಲ್ಲಿ ಮೈಕು ಪರೀಕ್ಷೆ ಮಾಡಿಸಿ ಹೆಡ್‌ಸೆಟ್ ಮಾರುವ ಅಂಗಡಿ ಒಂದಾದರೂ ಇದ್ದರೆ ತಿಳಿಸಿ. ಬಸ್ ಚಾರ್ಜು ಕೊಟ್ಟುಕೊಂಡು ನಾನೇ ಬಂದು ಒಂದು ತಗೊಂಡು ಹೋಗುತ್ತೇನೆ.