ಕೈಗೆ ಚಿಪ್ಪು

2025ರ ಅಕ್ಟೋಬರ್ 14ರಂದು ಮಲೆನಾಡಿನ ಕಂಪ್ಯೂಟರುಗಳು ಎಂದಿನಂತೆಯೇ ಆನ್ ಆದವು. ಲೆಕ್ಕ ಬರೆಯುವ ಟ್ಯಾಲಿ ತೆರೆದುಕೊಂಡಿತು, ಕನ್ನಡ ಟೈಪ್ ಮಾಡುವ ನುಡಿ ತೆರೆದುಕೊಂಡಿತು, ಪ್ರಿಂಟರ್ ಎರಡು ಸಲ ಬೈಸಿಕೊಂಡು ಮೂರನೇ ಸಲಕ್ಕೆ ಕಾಗದ ಉಗುಳಿತು. ಹೀಗೆ ಗಟ್ಟಿಮುಟ್ಟಾಗಿದ್ದ ಯಂತ್ರಗಳಿಗೆ ಆ ದಿನವೇ ನಿವೃತ್ತಿ ಎಂದು ಅಮೆರಿಕದ ಮೈಕ್ರೋಸಾಫ್ಟ್ ಆದೇಶ ಹೊರಡಿಸಿಯಾಗಿತ್ತು. ವಿಂಡೋಸ್ 10ಕ್ಕೆ ಇನ್ನು ಸೆಕ್ಯುರಿಟಿ ಅಪ್‌ಡೇಟ್ ಇಲ್ಲ, ಎಲ್ಲರೂ 11ಕ್ಕೆ ಬನ್ನಿ. ಸರಿ ಬಂದ್ವಿ ಅಂದರೆ ಬಾಗಿಲಲ್ಲೇ ವಿಚಾರಣೆ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದೆಯಾ? ಇಂಟೆಲ್ ಪ್ರೊಸೆಸರ್ ಆದರೆ ಎಷ್ಟನೇ ತಲೆಮಾರು? ಎಂಟಕ್ಕಿಂತ ಕೆಳಗಾ? ಹಾಗಾದ್ರೆ ಹೊರಗೇ ನಿಲ್ಲಿ. ಮಂಡಿಗೆ ರಾಶಿ ಇಡಿ ಅಂತ ಒಯ್ದ ಅಡಿಕೆಯನ್ನು ಕಡಿಮೆ ದರದ ಗೊರಬಲಿನ ಲೆಕ್ಕಕ್ಕೆ ಬರೆದುಕೊಂಡ ಹಾಗಾಯಿತು. ಮಾಲು ಅದೇ, ಹೆಸರು ಮಾತ್ರ ಬೇರೆ.

ತಮಾಷೆ ಏನೆಂದರೆ, 2015ರಲ್ಲಿ ಇದೇ ವಿಂಡೋಸ್ 10 ಬಂದಾಗ ಕಂಪನಿಯ ಉದ್ಯೋಗಿಯೊಬ್ಬರು ಇದೇ ಕೊನೆಯ ವಿಂಡೋಸ್ ಎಂದು ವೇದಿಕೆ ಮೇಲೆ ಹೇಳಿದ್ದರು. ನಾವೂ ನಂಬಿದೆವು. ರಾಜಕಾರಣಿಗಳ ಕೊನೆಯ ಚುನಾವಣೆಗಳನ್ನು ಒಂದಾದ ಮೇಲೊಂದು ನೋಡುತ್ತಲೇ ಬಂದ ಶಿವಮೊಗ್ಗ ಜಿಲ್ಲೆಯವರು ಆಗಲೇ ಅನುಮಾನ ಪಡಬೇಕಿತ್ತು.

ಈಗ ಪೇಟೆಯ ಯಾವ ಕಂಪ್ಯೂಟರ್ ಅಂಗಡಿಗೆ ಹೋದರೂ ಒಂದೇ ಸಂಭಾಷಣೆ. ಹೊಸನಗರದ ಕಡೆಯ ತೋಟದ ಭಟ್ಟರೊಬ್ಬರು ಸಿಪಿಯು ಪೆಟ್ಟಿಗೆಯನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸಿಳಿದು ಬಂದಿದ್ದಾರೆ ಅಂತಿಟ್ಟುಕೊಳ್ಳಿ.

"ಭಟ್ರೇ, ಇದು ಎಕ್ಸ್‌ಪೈರಿ ಆಯ್ತು."

"ಎಂತ ಎಕ್ಸ್‌ಪೈರಿ ಮಾಣಿ? ಇದೆಂತ ಕೊಳೆ ಔಷಧಿಯಾ? ಮೊನ್ನೆಯಷ್ಟೇ ಇದ್ರಲ್ಲೇ ಪಹಣಿ ತೆಗ್ದಿದೀನಿ."

"ನಡೀತದೆ ಭಟ್ರೇ, ಆದ್ರೆ ಸೇಫ್ ಅಲ್ಲ. ಹ್ಯಾಕರ್ ಬರ್ತಾರೆ."

"ನಮ್ಮನೆಗಾ? ಜೂನಿಂದ ಸೆಪ್ಟೆಂಬರ್ ತನಕ ನೆಂಟರೇ ಬರೂದಿಲ್ಲ."

ಅಂಗಡಿಯ ಮಾಣಿ ಹೇಳಿದ್ದು ಸುಳ್ಳಲ್ಲ. ಅಪ್‌ಡೇಟ್ ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಒಳ್ಳೆಯದಲ್ಲ, ಹ್ಯಾಕರಿಗೆ ಬಸ್ಸಿನ ಹಂಗೂ ಇಲ್ಲ. ಆದರೆ ಅವನು ಹೇಳದೆ ಬಿಟ್ಟಿದ್ದೂ ಇದೆ. ಟಿಪಿಎಂ ಇಲ್ಲ ಎಂದು ತಿರಸ್ಕೃತವಾದ ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಇದ್ದೇ ಇರುತ್ತದೆ, ಯಂತ್ರ ಆನ್ ಆದಾಗ ಮೊದಲು ಓಡುವ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್‌ನವರು ಅದಕ್ಕೆ ಪಿಟಿಟಿ ಅನ್ನುತ್ತಾರೆ, ಎಎಂಡಿಯವರು ಎಫ್‌ಟಿಪಿಎಂ ಅನ್ನುತ್ತಾರೆ. ಪ್ರೊಸೆಸರ್ ಪಟ್ಟಿಯಲ್ಲಿದ್ದರೆ ಅದನ್ನು ಆನ್ ಮಾಡಿದರೆ ಸಾಕು, 11 ಹಾಕಬಹುದು. ಪ್ರೊಸೆಸರೇ ಹಳೆಯದಾದರೆ, ಕಂಪನಿಯೇ ಒಂದು ವರ್ಷದ ವಿಸ್ತರಣೆ ಕೊಟ್ಟಿದೆ. ನಿಮ್ಮ ಸೆಟ್ಟಿಂಗ್ಸ್ ಎಲ್ಲ ಮೈಕ್ರೋಸಾಫ್ಟ್ ಖಾತೆಗೆ ಒಪ್ಪಿಸಿದರೆ ಪುಕ್ಕಟೆ, ಒಪ್ಪಿಸದಿದ್ದರೆ 30 ಡಾಲರ್ ಲೆಕ್ಕದ ದುಡ್ಡು. ನಿವೃತ್ತನಾದವನನ್ನು ಗುತ್ತಿಗೆ ಮೇಲೆ ಮತ್ತೆ ಕರೆಯುವ ಪದ್ಧತಿ ನಮ್ಮ ಕಚೇರಿಗಳಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ.

ಇಷ್ಟು ಹೊತ್ತಿಗೆ ಅಂಗಡಿಯಲ್ಲಿ ತಜ್ಞರು ಸೇರಿರುತ್ತಾರೆ. ಇಂಜಿನಿಯರಿಂಗ್ ಓದುವ ಹುಡುಗ "ಲಿನಕ್ಸ್ ಮಿಂಟ್ ಹಾಕಿ ಅಂಕಲ್, ಫ್ರೀ" ಅನ್ನುತ್ತಾನೆ. ವಿಂಡೋಸ್ ಬದಲಿಗೆ ಹಾಕಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಅದು, ಅವನ ಮಾತಲ್ಲಿ ನ್ಯಾಯವಿದೆ. ಚಿಪ್ಪಿನ ಗೋಜಿಲ್ಲ, 4 ಜಿಬಿ ರ‍್ಯಾಮ್ ಇದ್ದರೆ ಸರಾಗ, ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿ ನೋಡಬಹುದು, ಹಾರ್ಡ್‌ಡಿಸ್ಕ್ ಮುಟ್ಟಬೇಕಾಗಿಯೂ ಇಲ್ಲ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸಿನಲ್ಲೇ ಕಲಿಸುತ್ತಿವೆ, ಆ ಮಕ್ಕಳಿಗೆ ಎಂತದೂ ಆಗಿಲ್ಲ. ಬೆಂಗಳೂರಿಂದ ಹಬ್ಬಕ್ಕೆ ಬಂದ ಅಳಿಯ ಮಾತ್ರ ಮ್ಯಾಕ್ ಬಿಟ್ಟು ಬೇರೆ ಮಾತಾಡುವುದಿಲ್ಲ. ಅದಕ್ಕೆ ವಯಸ್ಸೇ ಆಗುವುದಿಲ್ಲವಂತೆ. ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಿಗೆ 2025ರ ಟಾಹೋ ಆವೃತ್ತಿಯೇ ಕೊನೆ ಎಂದು ಆಪಲ್ ಕೂಡ ಹೇಳಿಯಾಗಿದೆ ಎಂದು ಅವನಿಗೆ ಯಾರೂ ನೆನಪಿಸುವುದಿಲ್ಲ. ಅಳಿಯನಲ್ಲವೇ.

ಭಟ್ಟರ ಪ್ರಶ್ನೆ ಒಂದೇ: "ನುಡಿ ಬರ್ತದಾ?"

ಅಲ್ಲಿಗೆ ಸಭೆ ಮೌನ. ಸೊಸೈಟಿಯ ನೋಟಿಸು, ದೇವಸ್ಥಾನದ ಲೆಕ್ಕಪತ್ರ, ಪಂಚಾಯ್ತಿಗೆ ಕೊಟ್ಟ ಅರ್ಜಿ, ಎಲ್ಲವೂ ಹಳೇ ನುಡಿ ಫಾಂಟಿನಲ್ಲಿವೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಮಾಯವಾಗಿ, ತಲೆ ಮೇಲೆ ಟೋಪಿ, ಚುಕ್ಕಿ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ. ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಯುನಿಕೋಡ್ ಬಳಸಿ ಎಂದು ಸರ್ಕಾರದ ಆದೇಶ ಇದೆ. ಆ ಆದೇಶವನ್ನು ಯಾವ ಫಾಂಟಿನಲ್ಲಿ ಟೈಪ್ ಮಾಡಿದ್ದರೋ, ಕೇಳಬೇಡಿ. ಇನ್ನು ಲೆಕ್ಕಿಗರು ಕೊಟ್ಟ ಡಿಜಿಟಲ್ ಸಹಿಯ ಡಾಂಗಲ್, ಜೆರಾಕ್ಸ್ ಅಂಗಡಿಯವರಿಂದ ಸೆಕೆಂಡ್‌ಹ್ಯಾಂಡಿಗೆ ಬಂದ ಲೇಸರ್ ಪ್ರಿಂಟರ್. ಇವೆರಡರ ಡ್ರೈವರ್ ವಿಷಯ ಬಂದಾಗ ಇಂಜಿನಿಯರಿಂಗ್ ಹುಡುಗ ಮೊಬೈಲ್ ತೆಗೆದು ದೂರ ನಿಲ್ಲುತ್ತಾನೆ. ಯಾವ ಆಪರೇಟಿಂಗ್ ಸಿಸ್ಟಮ್ ಶ್ರೇಷ್ಠ ಎಂಬ ಜಗತ್ತಿನ ದೊಡ್ಡ ಚರ್ಚೆಯನ್ನು ನಮ್ಮೂರಲ್ಲಿ ತೀರ್ಮಾನಿಸುವುದು ಒಂದು ಫಾಂಟು, ಒಂದು ಡಾಂಗಲ್ಲು, ಒಂದು ಪ್ರಿಂಟರು.

ಕೊನೆಗೆ ಹೊಸ ಕಂಪ್ಯೂಟರೇ ಗತಿ. ಅದರ ಸುಖವೂ ಕೇಳಿ. ವಿಂಡೋಸ್ 11 ಹೋಮ್ ಶುರುವಾಗಲು ಇಂಟರ್‌ನೆಟ್ ಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಭಟ್ಟರಿಗೆ ಖಾತೆ ಎಂದರೆ ಸೊಸೈಟಿಯದ್ದು. ಹಾಗಾಗಿ ಮಾಣಿ ತನ್ನ ಈಮೇಲನ್ನೇ ಹಾಕಿ ಮುಗಿಸುತ್ತಾನೆ. ಆ ಖಾತೆಯ ಬೆನ್ನಿಗೇ, ಯಾರನ್ನೂ ಕೇಳದೆ, ಡಿಸ್ಕಿಗೆ ಬೀಗವೂ ಬಿದ್ದಿರುತ್ತದೆ. ಮಳೆಗಾಲ ಬರುತ್ತದೆ. ಬಯಾಸ್ ಅಪ್‌ಡೇಟ್ ನಡೆಯುವಾಗ 'ಕಂಪ್ಯೂಟರ್ ಆಫ್ ಮಾಡಬೇಡಿ' ಎಂದು ಪರದೆ ಬೇಡಿಕೊಳ್ಳುತ್ತದೆ. ಅದನ್ನು ಲೈನಿನ ಮೇಲೆ ಬೀಳುವ ಮರಕ್ಕೆ ಹೇಳಬೇಕಿತ್ತು. ಯುಪಿಎಸ್ ಪುಣ್ಯದಿಂದ ಅಪ್‌ಡೇಟ್ ಹೇಗೋ ಮುಗಿದರೂ, ಆಮೇಲೆ ನೀಲಿ ಪರದೆ ಬಂದು ಆ ಬೀಗದ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಕೀ ಇರುವುದು ಮಾಣಿಯ ಖಾತೆಯಲ್ಲಿ. ಮಾಣಿ ಕೆಲಸ ಬಿಟ್ಟು ಬೆಂಗಳೂರು ಸೇರಿ ಯಾವ ಕಾಲವಾಯಿತೋ. ಭಟ್ಟರ ಮೂರು ವರ್ಷದ ತೋಟದ ಲೆಕ್ಕ ಎಷ್ಟು ಭದ್ರವಾಗಿದೆಯೆಂದರೆ ಹ್ಯಾಕರ್ ಕೈಗೂ ಸಿಗದು, ಭಟ್ಟರ ಕೈಗೂ ಸಿಗದು.

ಅದೆಲ್ಲ ಮುಂದಿನ ಕತೆ. ಸದ್ಯ ವ್ಯಾಪಾರ ಕುದುರಿತು. ಹಳೇ ಪೆಟ್ಟಿಗೆಯನ್ನು ಎಕ್ಸ್‌ಚೇಂಜಿಗೆ ಐನೂರು ರೂಪಾಯಿಗೆ ಹಿಡಿದು ಮಾಣಿ ಅಂಗಡಿಯ ಕಂಪ್ಯೂಟರಿನಲ್ಲಿ ಬಿಲ್ ತೆಗೆಯುತ್ತಾನೆ. ಕೀಬೋರ್ಡಿನ ಅಕ್ಷರ ಸವೆದಿವೆ, ಮಾನಿಟರಿಗೆ ವಿಭೂತಿ-ಕುಂಕುಮ ಹಚ್ಚಿದೆ.

"ಇದೆಂತ ಕಂಪ್ಯೂಟರ್ ಮಾಣಿ? ಇದೂ ಹನ್ನೊಂದಾ?"

"ಇದಾ? ಇದು ವಿಂಡೋಸ್ 7 ಭಟ್ರೇ. 2020ರಲ್ಲೇ ಇದಕ್ಕೆ ಸಪೋರ್ಟ್ ನಿಂತಿದೆ. ಆದ್ರೆ ಗಟ್ಟಿ ಮಾಲು, ಎಂತದೂ ಆಗಿಲ್ಲ."