ಬಲ್ಬ್ ಆರಿಸಿ ಹಚ್ಚಿದರೆ ಕರೆಂಟ್ ಜಾಸ್ತಿ ಹೋಗುತ್ತಾ?

ಎಲ್‌ಇಡಿ ಬಲ್ಬ್ ಪದೇ ಪದೇ ಆರಿಸಿ ಹಚ್ಚುವುದಕ್ಕಿಂತ ಉರಿಯಲು ಬಿಟ್ಟರೇ ಬಿಲ್ ಕಡಿಮೆ ಎಂಬ ಸಂದೇಶ ರಾಯಚೂರಿನ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇದೆ. ಇದು ನಿಜವಲ್ಲ.

ಹಚ್ಚುವಾಗ ಕರೆಂಟ್ ಒಂದು ಕ್ಷಣ ಜಿಗಿಯುವುದು ಹೌದು. ಆದರೆ ಅದು ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ, ಬಿಲ್ಲಿನಲ್ಲಿ ಕಾಣುವುದಿಲ್ಲ. ಹಿಂದಿನ ಸಿಎಫ್‌ಎಲ್ (ಬಾಗಿದ ಟ್ಯೂಬಿನ) ಬಲ್ಬ್ ಪದೇ ಪದೇ ಆರಿಸಿ ಹಚ್ಚಿದರೆ ಬೇಗ ಹಾಳಾಗುತ್ತಿತ್ತು. ಆ ಮಾತೇ ಹೀಗೆ ತಿರುಗಿರಬಹುದು. ಕಳಿಸುವವರು ನಾಲ್ಕು ದುಡ್ಡು ಉಳಿಯಲಿ ಅಂತಲೇ ಕಳಿಸುತ್ತಾರೆ, ಅಲ್ವಾ?

ಮನೆಯಲ್ಲೇ ಪರೀಕ್ಷಿಸಬಹುದು. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಚಿಕ್ಕ ಕೆಂಪು ದೀಪ ಮಿಣುಕುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಅಂತ ಮೀಟರಿನ ಮೇಲೆಯೇ ಬರೆದಿರುತ್ತದೆ. ಆ ಸಂಖ್ಯೆ 3200 ಅಂತಿಟ್ಟುಕೊಳ್ಳಿ. ಫ್ಯಾನ್, ಫ್ರಿಜ್ ಎಲ್ಲ ಆರಿಸಿ 9 ವ್ಯಾಟ್‌ನ ಒಂದೇ ಬಲ್ಬ್ ಹಚ್ಚಿ. ಸುಮಾರು 2 ನಿಮಿಷಕ್ಕೊಮ್ಮೆ ಮಿಣುಕುತ್ತದೆ. ಹತ್ತು ಸಲ ಆರಿಸಿ ಹಚ್ಚಿದರೂ ವೇಗ ಏರುವುದಿಲ್ಲ. ನಮ್ಮ ಬಿಸಿಲಿಗೆ ಮಧ್ಯಾಹ್ನ ಬೇಡ, ಬೆಳಿಗ್ಗೆ ತಂಪು ಹೊತ್ತಲ್ಲಿ ಮಾಡಿ.

ಕೊಳ್ಳುವಾಗ ಡಬ್ಬಿಯ ಮೇಲೆ ವ್ಯಾಟ್ ಜೊತೆ ಲ್ಯೂಮೆನ್ ಕೂಡ ನೋಡಿ. ವ್ಯಾಟ್ ಎಳೆಯುವ ಕರೆಂಟ್, ಲ್ಯೂಮೆನ್ ಕೊಡುವ ಬೆಳಕು. 9 ವ್ಯಾಟ್ ಬಲ್ಬ್ ಸುಮಾರು 111 ಗಂಟೆ ಉರಿದರೆ 1 ಯೂನಿಟ್. ಹಳೆಯ 60 ವ್ಯಾಟ್ ಬಲ್ಬ್ ಅಷ್ಟನ್ನು 17 ಗಂಟೆಯೊಳಗೇ ಮುಗಿಸುತ್ತದೆ.